ನರ ನರವನ್ನು ಮುಟ್ಟುವುದೇ ಇಲ್ಲವಂತೆ. ಹಾಗಾದರೆ ಸುದ್ದಿ ದಾಟುವುದು ಹೇಗೆ, ವಿಷ ಕೂರುವುದು ಎಲ್ಲಿ?

ತೋಟದಮನೆ (ಮಾದಾಪುರ) | ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಆರು ಎಕರೆ, ಅರೇಬಿಕಾ ಜಾಸ್ತಿ. ಅಕ್ಟೋಬರ್ ಬಂತಲ್ಲ, ಬಿಳಿ ಕಾಂಡಕೊರಕಕ್ಕೆ ಕಾಂಡಕ್ಕೆ ಔಷಧಿ ಹೊಡೆಸಿದೆವು. ಕ್ಲೋರ್‌ಪೈರಿಫಾಸ್. ಹತ್ತು ವರ್ಷದಿಂದ ನಮ್ಮ ಜೊತೆ ಇರುವ ಅಣ್ಣ ಒಬ್ಬರು ಹೊಡೆದರು. ಬೆನ್ನಿಗೆ ಹಾಕುವ ಕ್ಯಾನ್ ಸೋರುತ್ತಿತ್ತು. ಅಂಗಿ ಬೆನ್ನಿಗೆ ಅಂಟಿ ಒದ್ದೆಯಾಗಿದ್ದರೂ ಅವರು ಹೇಳಲಿಲ್ಲ. ನಾನೂ ನೋಡಲಿಲ್ಲ. ಅದು ನನ್ನ ತಪ್ಪು.

ಸಂಜೆ ಹೊತ್ತಿಗೆ ವಾಂತಿ ಶುರುವಾಯಿತು. ಬಾಯಲ್ಲಿ ನೀರು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ರಾತ್ರಿ ತೊಡೆಯ ಮಾಂಸ ತಾನಾಗಿ ಕುಣಿಯುತ್ತಿತ್ತು. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಆಗಿತ್ತು. ಜೀಪಿನಲ್ಲಿ ದೊಡ್ಡ ಆಸ್ಪತ್ರೆಗೆ ಓಡಿದೆವು. ಈಗ ಪರವಾಗಿಲ್ಲ, ಆದರೆ ಇನ್ನೂ ಅಲ್ಲೇ ಇದ್ದಾರೆ.

ಅಲ್ಲಿನ ಡಾಕ್ಟರು ಒಂದು ಮಾತು ಹೇಳಿದರು: "ಔಷಧಿ ಇವರ ನರವನ್ನು ಸುಟ್ಟಿಲ್ಲ, ಕಡಿದೂ ಇಲ್ಲ. ನರ ಹೇಳಿದ ಮಾತು ನಿಲ್ಲುತ್ತಿಲ್ಲ, ಅಷ್ಟೇ." ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ದ್ವಿತೀಯ ಪಿಯು. "ಅಪ್ಪಾ, ನರಗಳು ಒಂದಕ್ಕೊಂದು ಮುಟ್ಟುವುದೇ ಇಲ್ಲ, ಮಧ್ಯೆ ಸಂದು ಇರುತ್ತದೆ" ಅಂದಳು. ನಾನು ಇಷ್ಟು ದಿನ ನರ ಅಂದರೆ ತಂತಿಯ ಹಾಗೆ ಉದ್ದಕ್ಕೂ ಒಂದೇ ಅಂದುಕೊಂಡಿದ್ದೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಳೇ ಮೇಷ್ಟ್ರು (ವಿರಾಜಪೇಟೆ) | ಭಾನುವಾರ ರಾತ್ರಿ 9:52

ನಿಮ್ಮ ಮಗಳು ಹೇಳಿದ್ದು ಸರಿ. ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಈ ಪಾಠ ಬಂದಾಗ ಪ್ರತಿ ವರ್ಷವೂ ಹೊಸದಾಗಿ ಓದಿದ ಹಾಗೆ ಖುಷಿಯಾಗುತ್ತಿತ್ತು.

ನರ ತಂತಿಯ ಹಾಗೆ ಒಂದೇ ಎಳೆ ಅಂದುಕೊಂಡಿದ್ದು ನೀವೊಬ್ಬರೇ ಅಲ್ಲ. ಇಟಲಿಯ ಗಾಲ್ಜಿ ದೊಡ್ಡ ವಿಜ್ಞಾನಿ. ನರಕೋಶಕ್ಕೆ ಕಪ್ಪು ಬಣ್ಣ ಕೊಟ್ಟು ನೋಡುವ ದಾರಿ ಹುಡುಕಿದ್ದೇ ಅವರು. ಅವರೂ ಎಲ್ಲ ಸೇರಿ ಒಂದೇ ಬಲೆ ಅಂತಲೇ ನಂಬಿದ್ದರು. ಸ್ಪೇನಿನ ಕಹಾಲ್ ಅದೇ ಬಣ್ಣ ಹಾಕಿ ನೋಡಿ, ಇಲ್ಲ, ಒಂದೊಂದು ಕೋಶವೂ ಬೇರೆ ಬೇರೆ ಅಂದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು. ಬಹುಮಾನದ ಭಾಷಣದಲ್ಲೂ ಗಾಲ್ಜಿ ಕಹಾಲ್ ಮಾತನ್ನು ಒಪ್ಪಲಿಲ್ಲ.

ಎರಡು ಕೋಶ ಎದುರುಬದುರಾಗುವ ಆ ಜಾಗಕ್ಕೆ ಸಿನಾಪ್ಸ್ ಅನ್ನುವ ಹೆಸರು 1897ರಲ್ಲಿ ಬಂತು. ಇಂಗ್ಲೆಂಡಿನ ಶೆರಿಂಗ್ಟನ್ ಕೊಟ್ಟದ್ದು. ಆಗ ಸಂದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೆ ಕಂಡರು. ಮಿದುಳಿನಲ್ಲಿ ಆ ಸಂದು ಸುಮಾರು 20 ನ್ಯಾನೋಮೀಟರ್. ನಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ ಸಂದುಗಳನ್ನು ಸುಮಾರು 4000 ಸಾಲಾಗಿ ಇಡಬಹುದು. ನರ ಸ್ನಾಯುವಿಗೆ ಸೇರುವ ಕಡೆ ಸ್ವಲ್ಪ ಅಗಲ, ಸುಮಾರು 50.

ಮಗಳು_ಪಿಯು2 | ಭಾನುವಾರ ರಾತ್ರಿ 10:05

ಸರ್, ನಾನೇ ಆ ಮಗಳು. ಅಪ್ಪನಿಗೆ ಹೀಗೆ ಹೇಳಿದೆ. ದುಬಾರೆಯಲ್ಲಿ ಹೊಳೆಯ ತನಕ ನಡೆದು ಹೋಗುತ್ತೇವೆ, ಆಮೇಲೆ ದೋಣಿ, ಆಚೆ ದಡದಲ್ಲಿ ಮತ್ತೆ ನಡಿಗೆ. ನರದಲ್ಲೂ ಹಾಗೇ ಅಂತ. ಸರಿನಾ?

ಹಳೇ ಮೇಷ್ಟ್ರು (ವಿರಾಜಪೇಟೆ) | ಭಾನುವಾರ ರಾತ್ರಿ 10:31

ಚೆನ್ನಾಗಿದೆ ಮಗಳೇ. ಒಂದು ಕಡೆ ಮಾತ್ರ ತಿದ್ದುತ್ತೇನೆ. ದೋಣಿಯಲ್ಲಿ ಆಚೆಗೆ ಹೋಗುವವನು ಈಚೆಯಿಂದ ನಡೆದು ಬಂದವನೇ. ಸಿನಾಪ್ಸಿನಲ್ಲಿ ಹಾಗಲ್ಲ. ಈಚೆಯ ನರದ ಕರೆಂಟು ಈಚೆ ದಡದಲ್ಲೇ ಮುಗಿಯುತ್ತದೆ. ಆಚೆ ಹೊಸ ಕರೆಂಟು ಹುಟ್ಟುತ್ತದೆ. ಮಧ್ಯೆ ದಾಟುವುದು ಒಂದು ರಾಸಾಯನಿಕ. ಅದು ಬರೀ ಸುದ್ದಿ.

ನರದ ತುದಿಯಲ್ಲಿ ಆ ರಾಸಾಯನಿಕವನ್ನು ಚಿಕ್ಕ ಚಿಕ್ಕ ಚೀಲಗಳಲ್ಲಿ ತುಂಬಿ ಇಟ್ಟಿರುತ್ತದೆ. ಕರೆಂಟು ತುದಿ ಮುಟ್ಟಿದ ಕೂಡಲೇ ಅಲ್ಲಿನ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕ್ಯಾಲ್ಸಿಯಂ ಕಂಡರೆ ಚೀಲಗಳು ಗೋಡೆಗೆ ಅಂಟಿ ಬಾಯಿ ಬಿಚ್ಚುತ್ತವೆ. ರಾಸಾಯನಿಕ ಸಂದಿಗೆ ಚೆಲ್ಲುತ್ತದೆ. ಆಚೆ ದಡದಲ್ಲಿ ಅದಕ್ಕೆಂದೇ ಮಾಡಿದ ಬೀಗಗಳಿವೆ, ರಿಸೆಪ್ಟರ್ ಅನ್ನುತ್ತಾರೆ. ಕೀಲಿ ಬೀಗದಲ್ಲಿ ಕೂತರೆ ಆಚೆಯ ಕೋಶದ ಬಾಗಿಲು ತೆರೆಯುತ್ತದೆ. ಇಷ್ಟಕ್ಕೆ ಒಂದು ಮಿಲಿಸೆಕೆಂಡ್ ಸಾಕು, ಒಮ್ಮೊಮ್ಮೆ ಅದಕ್ಕೂ ಕಡಿಮೆ.

ನಾವು ಕಾಫಿಯನ್ನು ಮಾರುವುದು ಚೀಲದ ಲೆಕ್ಕದಲ್ಲಿ, ಅಲ್ವಾ? 50 ಕೆಜಿ ಚೀಲ. ಎರಡು ಚೀಲ, ಹತ್ತು ಚೀಲ. ನರವೂ ಹಾಗೆಯೇ. ಬಿಡಿಬಿಡಿಯಾಗಿ ಸುರಿಯುವುದಿಲ್ಲ, ಇಡೀ ಚೀಲವನ್ನೇ ಬಿಚ್ಚುತ್ತದೆ. ಲಂಡನ್ನಿನಲ್ಲಿ ಬರ್ನಾರ್ಡ್ ಕಾಟ್ಸ್ ಇದನ್ನು 1950ರ ದಶಕದಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಕಂಡರು. ನರ ಸುಮ್ನೆ ಇದ್ದಾಗಲೂ ಸ್ನಾಯುವಿನಲ್ಲಿ ಚಿಕ್ಕ ಚಿಕ್ಕ ಮಿಡಿತ ಬರುತ್ತಿತ್ತು, ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಅದೇ ಒಂದು ಚೀಲ. ಒಂದು ಚೀಲದಲ್ಲಿ ಸಾವಿರಾರು ಅಣು. ಕಾಟ್ಸ್‌ಗೆ 1970ರಲ್ಲಿ ನೊಬೆಲ್ ಬಂತು.

ಲೈನು ಕೆಲಸದವ (ಸುಂಟಿಕೊಪ್ಪ) | ಸೋಮವಾರ ಬೆಳಿಗ್ಗೆ 6:40

ನಾನು ಕರೆಂಟಿನ ಕೆಲಸದವನು. ಮಳೆಗಾಲದಲ್ಲಿ ಮರ ಬಿದ್ದ ಲೈನ್ ಸರಿಮಾಡಿಯೇ ದಿನ ಕಳೆಯುತ್ತದೆ. ಒಂದು ಸಂಶಯ. ಸಂದು ಅಷ್ಟು ಚಿಕ್ಕದಿದ್ದರೆ ಕರೆಂಟೇ ಹಾರಿ ಹೋಗಬಹುದಲ್ಲ? ಲೂಸ್ ಕನೆಕ್ಷನ್‌ನಲ್ಲಿ ಕಿಡಿ ಹಾರುವುದನ್ನು ದಿನಾ ನೋಡುತ್ತೇನೆ. ಮಧ್ಯೆ ರಾಸಾಯನಿಕವೇ ಹೋಗುತ್ತದೆ ಅಂತ ಹೇಗೆ ಗೊತ್ತಾಯಿತು?

ಹಳೇ ಮೇಷ್ಟ್ರು (ವಿರಾಜಪೇಟೆ) | ಸೋಮವಾರ ಬೆಳಿಗ್ಗೆ 8:15

ನಿಮ್ಮ ಸಂಶಯದ ಮೇಲೆ ದೊಡ್ಡ ದೊಡ್ಡವರು ಹತ್ತಾರು ವರ್ಷ ಜಗಳವಾಡಿದ್ದಾರೆ. ಒಂದು ಗುಂಪು ಕಿಡಿ, ಅಂದರೆ ಕರೆಂಟು ಅನ್ನುತ್ತಿತ್ತು, ಇನ್ನೊಂದು ಗುಂಪು ಸಾರು, ಅಂದರೆ ರಾಸಾಯನಿಕ ಅನ್ನುತ್ತಿತ್ತು.

ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಆಟೊ ಲೇವಿ ಅಂತ ಪ್ರೊಫೆಸರ್. ಅವರಿಗೆ ನಿದ್ದೆಯಲ್ಲಿ ಒಂದು ಪ್ರಯೋಗ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಮಾರನೇ ರಾತ್ರಿ ಅದೇ ಯೋಚನೆ ಮತ್ತೆ ಬಂತು. ಈ ಸಲ ನೇರ ಲ್ಯಾಬಿಗೆ ಹೋದರು.

ಎರಡು ಕಪ್ಪೆಯ ಹೃದಯ ತೆಗೆದುಕೊಂಡರು. ಹೊರಗೆ ತೆಗೆದರೂ ಉಪ್ಪುನೀರಿನಲ್ಲಿ ಅವು ಬಡಿಯುತ್ತಿರುತ್ತವೆ. ಮೊದಲನೆಯದರಲ್ಲಿ ವೇಗಸ್ ನರ ಹಾಗೇ ಇತ್ತು. ಆ ನರಕ್ಕೆ ಕರೆಂಟು ಕೊಟ್ಟರೆ ಹೃದಯ ನಿಧಾನವಾಗುತ್ತದೆ, ಅದು ಮೊದಲೇ ಗೊತ್ತಿದ್ದ ವಿಷಯ. ಲೇವಿ ಆ ಹೃದಯದಲ್ಲಿದ್ದ ನೀರನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ಅದಕ್ಕೆ ನರವೂ ಇಲ್ಲ, ಕರೆಂಟೂ ಇಲ್ಲ. ಆದರೂ ಅದು ನಿಧಾನವಾಯಿತು. ಸುದ್ದಿ ನೀರಿನಲ್ಲಿತ್ತು. ಇದು 1921ರ ಮಾತು. ಆ ವಸ್ತು ಅಸಿಟೈಲ್‌ಕೋಲಿನ್ ಅಂತ ಆಮೇಲೆ ತಿಳಿಯಿತು. 1936ರಲ್ಲಿ ಲೇವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ಸೇರಿ ನೊಬೆಲ್ ಕೊಟ್ಟರು.

ಕಿಡಿಯ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ಜಾನ್ ಎಕಲ್ಸ್. 1951ರಲ್ಲಿ ನ್ಯೂಜಿಲೆಂಡಿನಲ್ಲಿ ಬೆಕ್ಕಿನ ಬೆನ್ನುಹುರಿಯ ಕೋಶದ ಒಳಗೇ ಸೂಜಿ ಇಳಿಸಿ ಅಳೆದರು. ತಡೆಯುವ ಸುದ್ದಿ ಬಂದಾಗ ವೋಲ್ಟೇಜ್ ತಮ್ಮ ಲೆಕ್ಕಕ್ಕೆ ಉಲ್ಟಾ ದಿಕ್ಕಿಗೆ ಹೋಯಿತು. ತಾನು ಇಷ್ಟು ವರ್ಷ ಹೇಳಿದ್ದು ತಪ್ಪು ಅಂತ ಅವರೇ ಒಪ್ಪಿಕೊಂಡರು. ನನಗೆ ಎಕಲ್ಸ್ ಮೇಲೆ ತುಂಬಾ ಗೌರವ ಇರುವುದು ಇದಕ್ಕೇ.

ನಿಮ್ಮ ಕಿಡಿಯೂ ಪೂರ್ತಿ ಸುಳ್ಳಲ್ಲ. ಎರಡು ಕೋಶಗಳು ಸಣ್ಣ ಕೊಳವೆಗಳಿಂದ ಸೇರಿ ಕರೆಂಟು ನೇರ ಹೋಗುವ ಸಿನಾಪ್ಸುಗಳೂ ಇವೆ. 1959ರಲ್ಲಿ ಕ್ರೇಫಿಶ್‌ನಲ್ಲಿ ಸಿಕ್ಕಿತು. ನಮ್ಮ ಗದ್ದೆಯ ಏಡಿಯ ನೆಂಟ ಅದು. ಅಪಾಯ ಕಂಡರೆ ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಅಂಥ ಅವಸರದ ಕೆಲಸಕ್ಕೆ ನೇರ ಕರೆಂಟೇ ಒಳ್ಳೆಯದು.

ತೋಟದಮನೆ (ಮಾದಾಪುರ) | ಸೋಮವಾರ ಮಧ್ಯಾಹ್ನ 1:20

ಮೇಷ್ಟ್ರೇ, ಇಲ್ಲಿಯ ತನಕ ಅರ್ಥವಾಯಿತು. ಸಾರು ಚೆಲ್ಲುತ್ತದೆ, ಬೀಗ ತೆರೆಯುತ್ತದೆ. ನಮ್ಮ ಅಣ್ಣನಿಗೆ ಆದದ್ದು ಇದರಲ್ಲಿ ಎಲ್ಲಿ?

ವಾರ್ಡಿನ ಅಕ್ಕ (ಕುಶಾಲನಗರ) | ಸೋಮವಾರ ಮಧ್ಯಾಹ್ನ 3:05

ಇದಕ್ಕೆ ನಾನು ಹೇಳುತ್ತೇನೆ. ನರ್ಸ್ ಆಗಿ ಇಂಥವರನ್ನು ತುಂಬಾ ನೋಡಿದ್ದೇನೆ. ಸ್ಪ್ರೇ ಮಾಡುವ ತಿಂಗಳುಗಳಲ್ಲಿ ಜಾಸ್ತಿ.

ಚೆಲ್ಲಿದ ಸಾರನ್ನು ಯಾರಾದರೂ ಗುಡಿಸಬೇಕಲ್ಲ? ಗುಡಿಸದಿದ್ದರೆ ಬೀಗ ತೆರೆದೇ ಇರುತ್ತದೆ. ಅಸಿಟೈಲ್‌ಕೋಲಿನ್ ಚೆಲ್ಲುವ ಸಂದಿನಲ್ಲಿ ಗುಡಿಸಲೆಂದೇ ಒಂದು ಕಿಣ್ವ ಇದೆ. ಅಸಿಟೈಲ್‌ಕೋಲಿನೆಸ್ಟರೇಸ್ ಅಂತ ಹೆಸರು. ನಾಲಗೆ ತಿರುಗದಿದ್ದರೆ ಗುಡಿಸುವ ಕಿಣ್ವ ಅನ್ನೋಣ. ಒಂದು ಕಿಣ್ವದ ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ತುಂಡು ಮಾಡುತ್ತದೆ. ಅದರಿಂದಲೇ ಕೈ ಎತ್ತಿ ಕೂಡಲೇ ಇಳಿಸಲು ಆಗುವುದು. ತುಂಡಾದ ಕೋಲಿನ್ ವಾಪಸ್ ನರದೊಳಗೆ ಹೋಗಿ ಮತ್ತೆ ಬಳಕೆಯಾಗುತ್ತದೆ.

ಕ್ಲೋರ್‌ಪೈರಿಫಾಸ್ ಆರ್ಗನೋಫಾಸ್ಫೇಟ್ ಜಾತಿಯದು. ಮೈ ಸೇರಿದ ಮೇಲೆ ಈ ಕಿಣ್ವದ ಬಾಯಿಗೇ ಹೋಗಿ ಅಂಟಿಕೊಳ್ಳುತ್ತದೆ. ಹುಳದಲ್ಲೂ ಇದೇ ಕಿಣ್ವ ಇದೆ, ಅದಕ್ಕೇ ಹುಳ ಸಾಯುವುದು. ನಮ್ಮಲ್ಲೂ ಇದೆ.

ಈಗ ನಿಮ್ಮ ಅಣ್ಣನ ಲಕ್ಷಣ ನೋಡಿ. ಜೊಲ್ಲಿನ ಗ್ರಂಥಿಗೆ "ಸುರಿಸು" ಅಂದ ಮಾತು ನಿಲ್ಲಲಿಲ್ಲ, ಬಾಯಲ್ಲಿ ನೀರು. ಪಾಪೆಗೆ "ಮುದುಡು" ಅಂದದ್ದು ನಿಲ್ಲಲಿಲ್ಲ, ಸೂಜಿ ಮೊನೆ. ತೊಡೆಗೆ "ಎಳೆ" ಅಂದದ್ದು ನಿಲ್ಲಲಿಲ್ಲ, ಅದಕ್ಕೇ ಕುಣಿದದ್ದು. ಹೇಳಿ ಹೇಳಿ ಕೊನೆಗೆ ಸ್ನಾಯು ಕೇಳುವುದನ್ನೇ ಬಿಡುತ್ತದೆ, ಆಗ ಸೋಲುತ್ತದೆ. ಉಸಿರಾಟದ ಸ್ನಾಯುವೂ ಸ್ನಾಯುವೇ. ಎದೆಯಲ್ಲಿ ಕಫ ತುಂಬುವುದು ಬೇರೆ. ಜೀವ ಹೋಗುವುದು ಅಲ್ಲಿ.

ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಟ್ಟಿರುತ್ತಾರೆ. ಅದು ಸಾರನ್ನು ಗುಡಿಸುವುದಿಲ್ಲ. ಗ್ರಂಥಿ, ಹೃದಯ, ಶ್ವಾಸನಾಳದ ಬೀಗಗಳಿಗೆ ಅಡ್ಡ ಕೂರುತ್ತದೆ. ಸ್ನಾಯುವಿನ ಬೀಗ ಬೇರೆ ಜಾತಿ, ಅಲ್ಲಿ ಅಟ್ರೋಪಿನ್ ನಡೆಯುವುದಿಲ್ಲ. ಅದಕ್ಕೆ ಪ್ರಾಲಿಡಾಕ್ಸಿಮ್, ನಾವು ಪಾಮ್ ಅನ್ನುತ್ತೇವೆ. ಅದು ಕಿಣ್ವದಿಂದ ವಿಷವನ್ನು ಕಿತ್ತು ತೆಗೆಯಲು ನೋಡುತ್ತದೆ. ತಡವಾದರೆ ವಿಷ ಕಿಣ್ವಕ್ಕೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ, ಆಮೇಲೆ ಕೀಳಲು ಬರುವುದಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದ ಆ ಕೆಲವು ಗಂಟೆ ನೆನೆದರೆ ನನಗೆ ಸಂಕಟವಾಗುತ್ತದೆ.

ಬೇಗ ಮನೆಗೆ ಕಳಿಸಿ ಅಂತ ಹಟ ಮಾಡಬೇಡಿ. ಚೇತರಿಸಿದ ಹಾಗೆ ಕಂಡು, ಒಂದರಿಂದ ನಾಲ್ಕು ದಿನದ ಒಳಗೆ ಕುತ್ತಿಗೆ ಎತ್ತಲಾಗದೆ ಉಸಿರು ಸೋತವರನ್ನು ನೋಡಿದ್ದೇನೆ. ಮಲಗಿದಲ್ಲಿಂದ ತಲೆ ಎತ್ತಿ ಅಂತ ದಿನಕ್ಕೆ ಹಲವು ಸಲ ಹೇಳುವುದು ಅದನ್ನು ನೋಡಲು.

ಮನೆಮಗಳು (ಸೋಮವಾರಪೇಟೆ) | ಸೋಮವಾರ ಸಂಜೆ 7:48

ಅಕ್ಕ, ನಿಮ್ಮ ಮಾತು ಓದಿ ಕೈ ನಡುಗಿತು. ನನ್ನ ಅಮ್ಮನಿಗೆ ಮಯಾಸ್ತೇನಿಯಾ ಇದೆ. ಬೆಳಿಗ್ಗೆ ಚೆನ್ನಾಗಿರುತ್ತಾರೆ, ಸಂಜೆಯಾದರೆ ರೆಪ್ಪೆ ಜೋತು ಬೀಳುತ್ತದೆ, ಊಟ ಜಗಿಯಲೂ ಆಗುವುದಿಲ್ಲ. ನಾಲ್ಕು ವರ್ಷದಿಂದ ಪೈರಿಡೋಸ್ಟಿಗ್ಮಿನ್ ಮಾತ್ರೆ. ಅದು ಏನು ಮಾಡುತ್ತದೆ ಅಂತ ಚೀಟಿಯಲ್ಲಿ ಓದಿದೆ. "ಕೋಲಿನೆಸ್ಟರೇಸ್ ತಡೆಯುತ್ತದೆ" ಅಂತ ಇದೆ. ಅಂದರೆ ಅದೇ ಗುಡಿಸುವ ಕಿಣ್ವ. ಕಾಂಡಕೊರಕಕ್ಕೆ ಹೊಡೆಯುವ ವಿಷ ಮಾಡುವ ಕೆಲಸವನ್ನೇ ನಾನು ದಿನಕ್ಕೆ ನಾಲ್ಕು ಸಲ ಅಮ್ಮನಿಗೆ ಮಾಡುತ್ತಿದ್ದೇನಾ?

ಹಳೇ ಮೇಷ್ಟ್ರು (ವಿರಾಜಪೇಟೆ) | ಸೋಮವಾರ ರಾತ್ರಿ 8:30

ಮಗಳೇ, ಹೆದರಬೇಡಿ. ಕೆಲಸ ಒಂದೇ, ಆದರೆ ಪರಿಣಾಮ ಬೇರೆ. ಹೇಗೆ ಅಂತ ಹೇಳುತ್ತೇನೆ.

ನಿಮ್ಮ ಅಮ್ಮನಲ್ಲಿ ಸಾರು ಸರಿಯಾಗಿಯೇ ಚೆಲ್ಲುತ್ತದೆ. ಕೊರತೆ ಆಚೆ ದಡದಲ್ಲಿ. ದೇಹದ ಕಾವಲು ಪಡೆ ತಪ್ಪು ತಿಳಿದು ಸ್ನಾಯುವಿನ ಬೀಗಗಳನ್ನೇ ಹಾಳು ಮಾಡುತ್ತಿದೆ. ಇರುವ ಬೀಗ ಕಡಿಮೆ. ಬೆಳಿಗ್ಗೆ ಚೀಲಗಳು ತುಂಬಿರುತ್ತವೆ, ಹೇಗೋ ನಡೆಯುತ್ತದೆ. ಮತ್ತೆ ಮತ್ತೆ ಕೆಲಸ ಮಾಡಿದಾಗ ಒಂದೊಂದು ಸಲಕ್ಕೆ ಬಿಚ್ಚುವ ಚೀಲ ಕಡಿಮೆಯಾಗುತ್ತದೆ. ನಮಗೆ ನಿಮಗೆ ಅದು ತಿಳಿಯುವುದೇ ಇಲ್ಲ, ಅವರಿಗೆ ರೆಪ್ಪೆ ಬೀಳುತ್ತದೆ. ಹಾಗಿದ್ದಾಗ ಗುಡಿಸುವವನನ್ನು ಸ್ವಲ್ಪ ಹೊತ್ತು ನಿಧಾನ ಮಾಡಿದರೆ, ಇರುವ ಸಾರು ಇರುವ ನಾಲ್ಕು ಬೀಗಗಳಿಗೆ ಮತ್ತೆ ಮತ್ತೆ ಸಿಗುತ್ತದೆ. ಮಾತ್ರೆ ಮಾಡುವುದು ಅಷ್ಟೇ. ಕೆಲವು ಗಂಟೆಗಳಲ್ಲಿ ಅದು ಕಿಣ್ವವನ್ನು ತಾನಾಗಿ ಬಿಟ್ಟು ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಕೊಡಬೇಕಾಗುವುದು ಅದಕ್ಕೇ. ತೋಟದ ಔಷಧಿ ಹಾಗೆ ಬಿಡುವುದಿಲ್ಲ.

ಇದನ್ನು ಕಂಡುಹಿಡಿದವರು ಮೇರಿ ವಾಕರ್. 1934ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿದ್ದ ಸ್ಕಾಟ್ಲೆಂಡಿನ ಹೆಂಗಸು. ಮಯಾಸ್ತೇನಿಯಾ ಇದ್ದವರನ್ನು ನೋಡಿದರೆ ಕ್ಯುರಾರೆ ಅನ್ನುವ ಬಾಣದ ವಿಷ ತಗುಲಿದವರ ಹಾಗೇ ಕಾಣುತ್ತದೆ ಅಂತ ಅವರಿಗೆ ಅನಿಸಿತು. ಕ್ಯುರಾರೆಗೆ ಫೈಸೋಸ್ಟಿಗ್ಮಿನ್ ಎದುರು ಮದ್ದು ಅಂತ ಗೊತ್ತಿತ್ತು. ಕೊಟ್ಟು ನೋಡಿದರು. ಜೋತ ರೆಪ್ಪೆ ಎದ್ದಿತು. ಫೈಸೋಸ್ಟಿಗ್ಮಿನ್ ಬರುವುದು ಪಶ್ಚಿಮ ಆಫ್ರಿಕಾದ ಕಲಬಾರ್ ಅವರೆಯಿಂದ. ಅದೂ ವಿಷದ ಕಾಳೇ. ನಿಮ್ಮ ಅಮ್ಮನ ಮಾತ್ರೆ ಅದರ ತಂಗಿ.

ವಾರ್ಡಿನ ಅಕ್ಕ (ಕುಶಾಲನಗರ) | ಸೋಮವಾರ ರಾತ್ರಿ 9:02

ಮೇಷ್ಟ್ರು ಹೇಳಿದ್ದು ಸರಿ. ಒಂದೇ ಒಂದು ಸೇರಿಸುತ್ತೇನೆ. ಸುಸ್ತು ಜಾಸ್ತಿ ಅಂತ ನೀವಾಗಿಯೇ ಮಾತ್ರೆ ಹೆಚ್ಚು ಮಾಡಬೇಡಿ. ಹೆಚ್ಚಾದರೆ ಜೊಲ್ಲು, ಹೊಟ್ಟೆ ನುಲಿತ, ಸ್ನಾಯು ಕುಣಿತ, ಮತ್ತೂ ಸುಸ್ತು ಬರುತ್ತದೆ. ತೋಟದಮನೆಯವರ ಅಣ್ಣನಿಗೆ ಬಂದದ್ದೇ. ಉಸಿರು ಅಥವಾ ನುಂಗುವುದು ಕಷ್ಟವಾದರೆ ಯೋಚನೆ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಲ್ಕು ವರ್ಷ ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟು ನೋಡಿಕೊಂಡಿದ್ದೀರಲ್ಲ, ಅದು ಸಣ್ಣ ಕೆಲಸ ಅಲ್ಲ.

ಕಾಡಂಚು (ಕುಟ್ಟ) | ಮಂಗಳವಾರ ಬೆಳಿಗ್ಗೆ 7:15

ಸಂಜೆ ರೆಪ್ಪೆ ಜೋತು ಬೀಳುವುದು ಅಂತ ಓದಿ ಬರೆಯುತ್ತಿದ್ದೇನೆ. ನಮ್ಮ ಕಡೆ ಹಾವು ಕಚ್ಚಿದಾಗಲೂ ಮೊದಲು ನೋಡುವುದು ರೆಪ್ಪೆಯನ್ನೇ. ನಾಗರ ಕಚ್ಚಿದರೂ ರೆಪ್ಪೆ ಬೀಳುತ್ತದೆ, ಕಟ್ಟುಹಾವು ಕಚ್ಚಿದರೂ ಬೀಳುತ್ತದೆ. ಇದೂ ಆ ಸಂದಿನ ಕಥೆಯೇನಾ? ನಾಗರಕ್ಕೆ ಬೇಗ ಗುಣವಾಗುವುದು, ಕಟ್ಟುಹಾವಿಗೆ ದಿನಗಟ್ಟಲೆ ಮೆಷಿನ್ ಹಾಕುವುದು ಯಾಕೆ?

ವಾರ್ಡಿನ ಅಕ್ಕ (ಕುಶಾಲನಗರ) | ಮಂಗಳವಾರ ಮಧ್ಯಾಹ್ನ 2:40

ಅದೇ ಸಂದು. ಆದರೆ ಬೇರೆ ಬೇರೆ ದಡ.

ನಾಗರದ ವಿಷ ಆಚೆ ದಡದ ಬೀಗದ ಮೇಲೆ ಕೂರುತ್ತದೆ. ಸಾರು ಬಂದರೂ ಬೀಗ ಸಿಗುವುದಿಲ್ಲ. ಅದಕ್ಕೇ ಮಯಾಸ್ತೇನಿಯಾದ ಹಾಗೆ ಕಾಣುವುದು. ಪ್ರತಿವಿಷದ ಜೊತೆಗೆ ಡಾಕ್ಟರು ನಿಯೋಸ್ಟಿಗ್ಮಿನ್ ಕೊಡುತ್ತಾರೆ. ಅದೂ ಗುಡಿಸುವವನನ್ನು ತಡೆಯುವ ಮದ್ದೇ. ಸಾರು ಜಾಸ್ತಿಯಾಗಿ ವಿಷದ ಜೊತೆ ಪೈಪೋಟಿ ಮಾಡುತ್ತದೆ. ಜೊಲ್ಲು ಸುರಿಯದ ಹಾಗೆ ಜೊತೆಗೆ ಅಟ್ರೋಪಿನ್. ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಕಣ್ಣು ಬಿಡುತ್ತಾರೆ.

ಕಟ್ಟುಹಾವಿನ ವಿಷದ ದೊಡ್ಡ ಪೆಟ್ಟು ಈಚೆ ದಡಕ್ಕೆ. ಚೀಲಗಳಿರುವ ನರದ ತುದಿಯನ್ನೇ ಹಾಳು ಮಾಡುತ್ತದೆ. ಚೆಲ್ಲಲು ಸಾರೇ ಇಲ್ಲದಾಗ ಗುಡಿಸುವವನನ್ನು ತಡೆದು ಏನು ಮಾಡುವುದು? ನರದ ತುದಿ ಮತ್ತೆ ಬೆಳೆಯುವ ತನಕ ವೆಂಟಿಲೇಟರಿನಲ್ಲಿ ಉಸಿರು ಕೊಟ್ಟು ಕಾಯಬೇಕು. ಕಾದರೆ ಬದುಕುತ್ತಾರೆ. ಮೈಯೆಲ್ಲ ಕಲ್ಲಿನ ಹಾಗೆ ಬಿದ್ದಿದ್ದರೂ ಅವರಿಗೆ ಎಲ್ಲ ಕೇಳಿಸುತ್ತಿರುತ್ತದೆ. ಹಾಸಿಗೆಯ ಹತ್ತಿರ ಅಳುತ್ತಾ ಕೆಟ್ಟ ಮಾತು ಆಡಬೇಡಿ, ಹೆಸರು ಹಿಡಿದು ಧೈರ್ಯ ಹೇಳಿ.

ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುವುದು ಜಾಸ್ತಿ, ನೋವೂ ಅಷ್ಟು ಇರುವುದಿಲ್ಲ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಮಂಚ, ಸೊಳ್ಳೆಪರದೆ ಇದ್ದರೆ ಒಳ್ಳೆಯದು. ಇನ್ನೊಂದು, ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಾಳಿಂಗಕ್ಕೆ ಅಲ್ಲ. ಕಾಳಿಂಗ ಕಂಡರೆ ದೂರದಿಂದಲೇ ದಾರಿ ಬಿಡಿ.

ತೋಟದಮನೆ (ಮಾದಾಪುರ) | ಮಂಗಳವಾರ ಸಂಜೆ 6:10

ಒಂದು ವಿಷಯ ಬಿಟ್ಟುಹೋಗಿತ್ತು. ಆ ದಿನ ಲೈನ್ ಮನೆಯವರು ವಿಷ ಇಳಿಯಲಿ ಅಂತ ಅಣ್ಣನಿಗೆ ಎರಡು ಲೋಟ ಗಟ್ಟಿ ಬೆಲ್ಲದ ಕಾಫಿ ಕುಡಿಸಿದ್ದರು. ಒಬ್ಬರು ಉಮ್ಮತ್ತಿ ಸೊಪ್ಪಿನ ರಸ ಅಂದರು, ನಾನು ಬೇಡ ಅಂದೆ. ಕಾಫಿಯಿಂದ ಏನಾದರೂ ಉಪಯೋಗ ಆಯಿತಾ?

ಹಳೇ ಮೇಷ್ಟ್ರು (ವಿರಾಜಪೇಟೆ) | ಮಂಗಳವಾರ ರಾತ್ರಿ 8:00

ಉಮ್ಮತ್ತಿ ಬೇಡ ಅಂದದ್ದು ಒಳ್ಳೆಯದಾಯಿತು. ಅದರಲ್ಲಿ ಅಟ್ರೋಪಿನ್ ಇರುವುದು ನಿಜ, ಹಾಗಾಗಿ ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಆದರೆ ಒಂದು ಎಲೆಯಲ್ಲಿ ಎಷ್ಟಿದೆ ಅಂತ ಯಾರೂ ಹೇಳಲಾರರು. ಆಸ್ಪತ್ರೆಯಲ್ಲಿ ನಾಡಿ ನೋಡಿ, ಎದೆಯ ಕಫ ಕೇಳಿ, ಹನಿ ಹನಿಯಾಗಿ ಕೊಡುವ ಮದ್ದು ಅದು.

ಕಾಫಿಗೂ ಈ ವಿಷಕ್ಕೂ ಸಂಬಂಧವಿಲ್ಲ. ಕೆಫೀನ್ ಕೂರುವ ಬೀಗವೇ ಬೇರೆ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಬೀಗದಲ್ಲಿ ಕೂತು ಚೀಲ ಬಿಚ್ಚುವುದನ್ನು ಕಡಿಮೆ ಮಾಡುತ್ತದೆ. ಸಾಕು, ಮಲಗು ಅನ್ನುವ ಸುದ್ದಿ ಅದು. ಕೆಫೀನ್ ಆ ಬೀಗದಲ್ಲಿ ಕೂರುತ್ತದೆ, ಆದರೆ ತೆರೆಯುವುದಿಲ್ಲ. ಅಡೆನೋಸಿನ್ ಬಂದರೆ ಜಾಗ ಇಲ್ಲ. ಆಯಾಸ ಹೋಗಿಲ್ಲ, ಆಯಾಸದ ಸುದ್ದಿ ಮುಟ್ಟಿಲ್ಲ. ದಿನಾ ಕುಡಿದರೆ ಮಿದುಳು ಆ ಬೀಗಗಳನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಒಂದು ದಿನ ಕಾಫಿ ತಪ್ಪಿದರೆ ತಲೆ ಸಿಡಿಯುವುದು ಅದಕ್ಕೇ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಜೇನುಗೂಡು (ಭಾಗಮಂಡಲ) | ಮಂಗಳವಾರ ರಾತ್ರಿ 9:25

ಕಾಫಿ ಅಂದರೆ ನಾನು ಸುಮ್ಮನಿರಲಾರೆ. ಕಾಫಿ ಗಿಡ ಕೆಫೀನ್ ಇಡುವುದು ಬೀಜದಲ್ಲಿ ಮಾತ್ರ ಅಲ್ಲ, ಹೂವಿನ ಮಕರಂದದಲ್ಲೂ ಸ್ವಲ್ಪ ಇಡುತ್ತದೆ. ಕಿತ್ತಳೆ ಜಾತಿಯ ಹೂವಿನಲ್ಲೂ ಇದೆ. ನಮ್ಮ ಹಳೇ ತೋಟಗಳಲ್ಲಿ ಕಾಫಿಯ ಮಧ್ಯೆ ಕೊಡಗಿನ ಕಿತ್ತಳೆ ಇರುತ್ತಿತ್ತಲ್ಲ, ನೆನೆಸಿಕೊಳ್ಳಿ.

2013ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಜೇನುಹುಳಕ್ಕೆ ಒಂದು ವಾಸನೆಯ ಜೊತೆ ಸಕ್ಕರೆ ನೀರು ಕೊಟ್ಟು ಕಲಿಸಿದರು. ಕೆಲವಕ್ಕೆ ಆ ನೀರಿನಲ್ಲಿ ಹೂವಿನಲ್ಲಿರುವಷ್ಟೇ ಕೆಫೀನ್ ಹಾಕಿದ್ದರು. ಮಾರನೇ ದಿನ ನೋಡಿದರೆ ಕೆಫೀನ್ ಕುಡಿದವುಗಳಲ್ಲಿ ಆ ವಾಸನೆ ನೆನಪಿಟ್ಟವು ಮೂರು ಪಟ್ಟು ಜಾಸ್ತಿ. ಅಲ್ಲೂ ಅಡೆನೋಸಿನ್ ಬೀಗವೇ. ಗಿಡ ತನ್ನ ಹೂವನ್ನು ಮರೆಯದ ಹಾಗೆ ಹುಳದ ನರದ ಸಂದಿಗೇ ಸುದ್ದಿ ಕಳಿಸುತ್ತದೆ! ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ ಹುಳಗಳು ಬೇರೆ ಯಾವುದನ್ನೂ ನೋಡದೆ ಅಲ್ಲೇ ಸುತ್ತುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈಗ ನೋಡುವ ಕಣ್ಣೇ ಬೇರೆಯಾಗಿದೆ.

ಅದೇ ಸಂದಿನಲ್ಲಿ ನಾವು ವಿಷವನ್ನೂ ಹಾಕುತ್ತೇವೆ. ಇಮಿಡಾಕ್ಲೋಪ್ರಿಡ್ ಅನ್ನುವ ಔಷಧಿ ಜೇನಿನ ಅಸಿಟೈಲ್‌ಕೋಲಿನ್ ಬೀಗದಲ್ಲಿ ಕೂತು ಅದನ್ನು ತೆರೆದೇ ಇಡುತ್ತದೆ. ಗುಡಿಸುವ ಕಿಣ್ವಕ್ಕೆ ಅದನ್ನು ತುಂಡು ಮಾಡಲು ಬರುವುದಿಲ್ಲ. ಸಾಯದಿದ್ದರೂ ಹುಳ ಗೂಡಿನ ದಾರಿ ಮರೆಯುತ್ತದೆ. ಹೂ ಇರುವಾಗ ದಯವಿಟ್ಟು ಏನನ್ನೂ ಹೊಡೆಯಬೇಡಿ.

ಮಗಳು_ಪಿಯು2 | ಬುಧವಾರ ರಾತ್ರಿ 8:50

ಎಲ್ಲ ಓದಿ ಒಂದೇ ಪ್ರಶ್ನೆ ಉಳಿದಿದೆ ಸರ್. ಹಾವು, ಔಷಧಿ, ಕಾಯಿಲೆ ಎಲ್ಲ ಈ ಸಂದಿನಲ್ಲೇ ಬಂದು ಕೂರುತ್ತವೆ. ಹಾಗಿದ್ದರೆ ಈ ಸಂದು ಯಾಕೆ ಬೇಕಿತ್ತು? ಎಲ್ಲ ಕಡೆ ಕ್ರೇಫಿಶ್‌ನ ಹಾಗೆ ನೇರ ಜೋಡಿಸಿದ್ದರೆ ಆಗುತ್ತಿರಲಿಲ್ಲವಾ?

ಹಳೇ ಮೇಷ್ಟ್ರು (ವಿರಾಜಪೇಟೆ) | ಬುಧವಾರ ರಾತ್ರಿ 10:12

ನನ್ನ ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮಕ್ಕಳು ಕಡಿಮೆ.

ನೇರ ತಂತಿ ಇದ್ದರೆ "ಹೂಂ" ಅನ್ನಬಹುದು, "ಬೇಡ" ಅನ್ನುವುದು ಕಷ್ಟ. ಸಂದಿನಲ್ಲಿ ಎರಡೂ ಆಗುತ್ತದೆ. ಮಿದುಳಿನಲ್ಲಿ ಗ್ಲುಟಮೇಟ್ ಅನ್ನುವುದು ಬಹುಪಾಲು ಕಡೆ ಆಚೆಯ ಕೋಶವನ್ನು ಎಬ್ಬಿಸುತ್ತದೆ, ಗಾಬಾ ಅನ್ನುವುದು ಸುಮ್ಮನಿರಿಸುತ್ತದೆ. ಒಂದು ಕೋಶದ ಮೇಲೆ ಸಾವಿರಾರು ಸಿನಾಪ್ಸ್. ಕೆಲವು ಹೂಂ ಅನ್ನುತ್ತವೆ, ಕೆಲವು ಬೇಡ ಅನ್ನುತ್ತವೆ. ಎಲ್ಲವನ್ನೂ ಕೂಡಿ ಕಳೆದು ಆ ಕೋಶ ತಾನು ಮುಂದಕ್ಕೆ ಹೇಳಬೇಕೇ ಬೇಡವೇ ಅಂತ ತೀರ್ಮಾನಿಸುತ್ತದೆ. ನಮ್ಮ ಮಿದುಳಿನಲ್ಲಿ ಅಂಥ ಕೋಶ ಸುಮಾರು 8,600 ಕೋಟಿ.

ಇನ್ನೊಂದು, ಸಂದು ಇದ್ದರೆ ಬದಲಾಯಿಸಬಹುದು. ಹೆಚ್ಚು ಚೀಲ, ಹೆಚ್ಚು ಬೀಗ. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಮೊಲದ ಮಿದುಳಿನಲ್ಲಿ ಒಂದು ಸಿನಾಪ್ಸ್ ದಾರಿಗೆ ಜೋರಾಗಿ ಮತ್ತೆ ಮತ್ತೆ ಸುದ್ದಿ ಕಳಿಸಿ ನೋಡಿದರು. ಆಮೇಲೆ ಗಂಟೆಗಟ್ಟಲೆ ಆ ದಾರಿ ಗಟ್ಟಿಯಾಗಿಯೇ ಉಳಿಯಿತು. ಕಲಿಯುವುದು ಇಲ್ಲಿ ಶುರುವಾಗುತ್ತದೆ. ನೀನು ಇವತ್ತು ಓದಿದ್ದು ನಾಳೆಗೆ ಉಳಿದರೆ ಎಲ್ಲೋ ಕೆಲವು ಸಂದುಗಳು ಬದಲಾಗಿವೆ ಅಂತ ಅರ್ಥ. ವಿಷ ಬಂದು ಕೂರುವ ಬಾಗಿಲು, ಪಾಠ ಒಳಗೆ ಬರುವ ಬಾಗಿಲು, ಎರಡೂ ಒಂದೇ.

ತೋಟದಮನೆ (ಮಾದಾಪುರ) | ಶುಕ್ರವಾರ ಸಂಜೆ 5:30

ಇವತ್ತು ಅಣ್ಣ ಮನೆಗೆ ಬಂದರು. ಸುಸ್ತು ಇದೆ, ಆದರೆ ಗಂಜಿ ಕುಡಿದು ಜಗಲಿಯಲ್ಲಿ ಕೂತು ಮಾತಾಡಿದರು. ಮಗಳು ದೋಣಿ, ಚೀಲ, ಗುಡಿಸುವವನು ಎಲ್ಲವನ್ನೂ ಅವರಿಗೆ ಹೇಳಿದಳು. ಕೇಳಿ ಕೇಳಿ ಅವರು "ಈಗ ನನ್ನೊಳಗೆ ಗುಡಿಸುವವರು ಎಷ್ಟು ಜನ ಉಳಿದಿದ್ದಾರೆ?" ಅಂದರು. ನಮಗೆ ಹೇಳಲು ಬರಲಿಲ್ಲ.

ವಾರ್ಡಿನ ಅಕ್ಕ (ಕುಶಾಲನಗರ) | ಶುಕ್ರವಾರ ರಾತ್ರಿ 8:20

ಅದನ್ನು ರಕ್ತದಲ್ಲಿ ಅಳೆಯಬಹುದು ಅಂತ ಅವರಿಗೆ ಹೇಳಿ. ಕೋಲಿನೆಸ್ಟರೇಸ್ ಪರೀಕ್ಷೆ ಅಂತ ಇದೆ. ವಿಷಕ್ಕೆ ಬೆಸೆದು ಹೋದ ಕಿಣ್ವ ವಾಪಸ್ ಬರುವುದಿಲ್ಲ, ದೇಹ ಹೊಸದು ಮಾಡಬೇಕು. ಕೆಂಪು ರಕ್ತಕಣದಲ್ಲಿ ಅದು ದಿನಕ್ಕೆ ಸುಮಾರು ನೂರಕ್ಕೆ ಒಂದರಷ್ಟು ಮಾತ್ರ ಏರುತ್ತದೆ. ಮೂರ್ನಾಲ್ಕು ತಿಂಗಳು ಬೇಕು. ಅಲ್ಲಿಯ ತನಕ ಸ್ವಲ್ಪ ಔಷಧಿ ತಗುಲಿದರೂ ಮೊದಲಿಗಿಂತ ಜೋರಾಗಿ ಬರುತ್ತದೆ. ಅವರನ್ನು ಆ ಕೆಲಸಕ್ಕೆ ಕಳಿಸಬೇಡಿ. ಅವರ ಅಂಗಿಯನ್ನು ಬೇರೆ ಬಟ್ಟೆಯ ಜೊತೆ ಒಗೆಯಬೇಡಿ, ಎಸೆದರೆ ಇನ್ನೂ ಒಳ್ಳೆಯದು.

ಎಲ್ಲರೂ ಇದನ್ನು ಬರೆದಿಟ್ಟುಕೊಳ್ಳಿ. ಮೈಮೇಲೆ ಬಿದ್ದರೆ ಕೂಡಲೇ ಬಟ್ಟೆ ಬಿಚ್ಚಿ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಿ. ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿ ಅಥವಾ ಲೇಬಲ್ ಆಸ್ಪತ್ರೆಗೆ ತನ್ನಿ.

ತೋಟದಮನೆ (ಮಾದಾಪುರ) | ಶುಕ್ರವಾರ ರಾತ್ರಿ 9:05

ಅಂಗಿ ಅವತ್ತೇ ಗುಂಡಿ ತೋಡಿ ಹೂತೆವು. ಕ್ಯಾನ್ ಒಡೆದು ಹಾಕಿದೆ. ಅಣ್ಣ ಈ ಸಲ ಕೊಯ್ಲಿನ ಹೊತ್ತಿಗೆ ಕಣದಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ, ಸಂಬಳ ಅದೇ.

ಉಳಿದ ಎರಡು ಎಕರೆಗೆ ಔಷಧಿ ಹೊಡೆಸುವುದಿಲ್ಲ. ಕೊರಕ ಬಿದ್ದ ಗಿಡ ಕಿತ್ತು ಸುಡುತ್ತೇವೆ. ಉಳಿದ ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆದು ಸುಣ್ಣದ ನೀರು ಬಳಿಯುತ್ತೇವೆ, ನಮ್ಮ ಅಪ್ಪ ಮಾಡುತ್ತಿದ್ದ ಹಾಗೆ. ತೊಗಟೆ ಉಜ್ಜುವ ತೆಂಗಿನ ನಾರಿನ ಕೈಗವಸು ಯಾರ ಹತ್ತಿರವಾದರೂ ಹೆಚ್ಚಿಗೆ ಇದೆಯಾ?

ಮನೆಮಗಳು (ಸೋಮವಾರಪೇಟೆ) | ಶುಕ್ರವಾರ ರಾತ್ರಿ 9:18

ನಮ್ಮಲ್ಲಿ ನಾಲ್ಕು ಜೊತೆ ಇದೆ. ಮುಂದಿನ ಸಂತೆಗೆ ಬನ್ನಿ, ತಂದಿಟ್ಟಿರುತ್ತೇನೆ. ಬೆಳಿಗ್ಗೆಯೇ ಬಂದರೆ ಅಮ್ಮನೂ ಜೊತೆಗೆ ಇರುತ್ತಾರೆ.